ದೋಣಿ ಮೇಲೆ ಬಿಸಿ ಬೇರೆ, ಬಿಸಿಲು ಬೇರೆ

ಸೆಪ್ಟೆಂಬರ್‌ನ ಒಂದು ಶನಿವಾರ. ತೆಳು ಮೋಡ ಕವಿದಿತ್ತು, ಗಾಳಿ ತಣ್ಣಗಿತ್ತು. ಬ್ರಿಸ್ಬೇನ್‌ನ ಮ್ಯಾನ್ಲಿ ಬಂದರಿನಿಂದ ನಮ್ಮ ಟಿನ್ನಿಯಲ್ಲಿ ಹೊರಟು ಮೋರ್ಟನ್ ಕೊಲ್ಲಿಯಲ್ಲಿ ಏಳು ಗಂಟೆ ಗಾಳ ಹಾಕಿಕೊಂಡು ಕೂತಿದ್ದೆವು. ಟಿನ್ನಿ ಅಂದರೆ ಇಲ್ಲಿನವರು ಸಣ್ಣ ಅಲ್ಯೂಮಿನಿಯಂ ದೋಣಿಗೆ ಇಟ್ಟ ಹೆಸರು. ಚಳಿ ಅಂತ ನಾನು ಜಾಕೆಟ್ ಹಾಕಿದ್ದೆ. ಕೆಳಗೆ ಚಡ್ಡಿ, ಬರಿಗಾಲು. ವೈಟಿಂಗ್ ಮೀನು ಚೆನ್ನಾಗಿಯೇ ಸಿಕ್ಕಿತು. ಅದು ನಮ್ಮ ಕರಾವಳಿಯ ಕಾಣೆ ಮೀನಿನ ದಾಯಾದಿ. ರವೆ ಹಚ್ಚಿ ಹುರಿದರೆ ಊರು ನೆನಪಾಗುತ್ತದೆ. ಆದರೆ ಆ ರಾತ್ರಿ ಮೀನು ಹುರಿಯುವ ಉತ್ಸಾಹ ಯಾರಿಗಿತ್ತು? ಪಾದದ ಮೇಲೆ ಹೊದಿಕೆ ತಾಗಿದರೂ ಉರಿ. ಮೂರನೇ ದಿನಕ್ಕೆ ಚರ್ಮ ಸುಲಿಯಿತು.

ನಾನು ಕುಮಟಾ ಕಡೆಯವನು. ಏಪ್ರಿಲ್ ಬಿಸಿಲಲ್ಲಿ ಗದ್ದೆ ಬಯಲಲ್ಲಿ ಕ್ರಿಕೆಟ್ ಆಡಿ ಬೆಳೆದವನು. ನನ್ನ ಚರ್ಮ ಸುಡುತ್ತದೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಮೋಸ ಹೋಗಿದ್ದು ಇಷ್ಟಕ್ಕೇ: ಮೈಗೆ ಬಿಸಿ ತಾಗಲಿಲ್ಲ, ಹಾಗಾಗಿ ಬಿಸಿಲೇ ಇಲ್ಲ ಅಂದುಕೊಂಡೆ.

ಮೈ ಕಾಯಿಸುವ ಕಿರಣ ಬೇರೆ, ಚರ್ಮ ಸುಡುವ ಕಿರಣ ಬೇರೆ. ಎರಡನೆಯದು ಅತಿನೇರಳೆ ಕಿರಣ, ಅಂದರೆ ಯುವಿ. ಅದು ಕಣ್ಣಿಗೂ ಕಾಣುವುದಿಲ್ಲ, ಬಿಸಿಯಾಗಿಯೂ ತಿಳಿಯುವುದಿಲ್ಲ. ನೆಲದ ಮೇಲಾದರೆ ಬೆವರು ಕಿತ್ತುಕೊಂಡು ಬರುತ್ತದೆ, ನಾವೇ ನೆರಳಿಗೆ ಓಡುತ್ತೇವೆ. ದೋಣಿಯಲ್ಲಿ ಗಾಳಿ ಆ ಬೆವರನ್ನು ಒಣಗಿಸುತ್ತಲೇ ಇರುತ್ತದೆ. ಮೈ ಕೊಡುವ ಎಚ್ಚರಿಕೆಯೇ ಬಂದ್. ಓಡಲು ನೆರಳೂ ಇಲ್ಲ.

ಆಮೇಲೆ ಇದರ ಬಗ್ಗೆ ಓದಿ, ಡಾಕ್ಟರ ಹತ್ತಿರ ಕೇಳಿ, ನಾಲ್ಕು ಬೇಸಿಗೆ ಪ್ರಯೋಗ ಮಾಡಿ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿಡ್ನಿಯಲ್ಲಿ ಹಾಯಿದೋಣಿ ಕಲಿಯುತ್ತಿರುವವರಿಗೂ ಆದೀತು, ಹೊನ್ನಾವರದ ಶರಾವತಿ ಹಿನ್ನೀರಲ್ಲೋ ಮೂಲ್ಕಿಯ ಶಾಂಭವಿ ನದಿಯಲ್ಲೋ ಕಯಾಕ್ ಹುಟ್ಟು ಹಾಕುವವರಿಗೂ ಆದೀತು.

ಮೊದಲು ಒಂದು ಪ್ರಶ್ನೆ: ನಮ್ಮ ಚರ್ಮಕ್ಕೂ ಇದೆಲ್ಲ ಬೇಕಾ?

ಆಸ್ಟ್ರೇಲಿಯಾದಲ್ಲಿ ಮೂವರಲ್ಲಿ ಇಬ್ಬರಿಗೆ 70 ವರ್ಷ ತುಂಬುವುದರೊಳಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಅನ್ನುವ ಲೆಕ್ಕವಿದೆ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದು ಬಹುಪಾಲು ಬಿಳಿ ಚರ್ಮದವರ ಲೆಕ್ಕ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಅಂಶ ಜಾಸ್ತಿ. ಅದೇ ಒಂದು ಕೊಡೆ ಇದ್ದಂತೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮವರಲ್ಲಿ ತುಂಬಾ ಕಡಿಮೆ. ಸುಮ್ನೆ ಹೆದರಿಸಿ ಸನ್‌ಸ್ಕ್ರೀನ್ ಕೊಳ್ಳಿಸುವ ಆಸೆ ನನಗಿಲ್ಲ. ತರಕಾರಿ ತರಲು ಹತ್ತು ನಿಮಿಷ ಹೊರಗೆ ಹೋಗುವುದಕ್ಕೆ ಕಂದು ಚರ್ಮದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮಗೆ ವಿಟಮಿನ್ ಡಿ ಸಾಕಾಗದೆ ಇರುವುದೇ ಹೆಚ್ಚು.

ಆದರೆ ದೋಣಿ ಅಂದರೆ ಹತ್ತು ನಿಮಿಷ ಅಲ್ಲ, ಐದಾರು ಗಂಟೆ. ಕೊಡೆಗೂ ಒಂದು ಮಿತಿ ಇದೆ, ಅಲ್ವಾ? ನಮ್ಮ ಚರ್ಮವೂ ಸುಡುತ್ತದೆ. ಕೆಂಪಗಾಗುವುದು ಕಾಣುವುದಿಲ್ಲ, ಅಷ್ಟೇ. ಬಿಗಿತ, ಉರಿ, ಮುಟ್ಟಿದರೆ ನೋವು, ಆಮೇಲೆ ಸಿಪ್ಪೆ. ಕ್ಯಾನ್ಸರ್ ಬಿಟ್ಟು ನೋಡಿದರೂ ಮುಖದ ಮೇಲಿನ ಬಂಗು ಬಿಸಿಲಿಗೆ ಏರುತ್ತದೆ. ಕಣ್ಣಿನಲ್ಲಿ ಪೊರೆ ಬೇಗ ಬರಬಹುದು. ಕಣ್ಣಿನ ಬಿಳಿ ಭಾಗದಿಂದ ಕಪ್ಪು ಗುಡ್ಡೆಯ ಕಡೆಗೆ ಮಾಂಸದ ಪದರವೊಂದು ಹಬ್ಬುವುದನ್ನು ವಯಸ್ಸಾದ ಮೀನುಗಾರರಲ್ಲಿ ನೀವೇ ನೋಡಿರಬಹುದು.

ಇನ್ನು ಕೆಲವರಿಗೆ ಆ ಕೊಡೆಯೇ ಇರುವುದಿಲ್ಲ. ತೊನ್ನು ಇರುವವರ ಬಿಳಿ ಜಾಗದಲ್ಲಿ ಮೆಲನಿನ್ ಇಲ್ಲ, ಅದು ಬೇಗ ಸುಡುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಬಹಳ ಹೆಚ್ಚು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್, ಬಿಪಿ ಮಾತ್ರೆಗಳಲ್ಲಿ ಬರುವ ಹೈಡ್ರೋಕ್ಲೋರೋಥಯಜೈಡ್ ಇಂಥವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಮಾತ್ರೆ ನೀವೇ ನಿಲ್ಲಿಸಬೇಡಿ. ದೋಣಿ ಹವ್ಯಾಸ ಇದೆ ಅಂತ ಡಾಕ್ಟರಿಗೆ ಒಂದು ಮಾತು ಹೇಳಿ.

ನಮ್ಮಮ್ಮ ಈಗಲೂ ಫೋನಿನಲ್ಲಿ "ಬಿಸಿಲಲ್ಲಿ ತಿರುಗಬೇಡ ಮಗಾ, ಕಪ್ಪಾಗ್ತೀಯ" ಅನ್ನುತ್ತಾಳೆ. ಕಪ್ಪಾಗುವುದು ರೋಗವೂ ಅಲ್ಲ, ನಾಚಿಕೆಯೂ ಅಲ್ಲ. ಆದರೆ ಬಿಸಿಲಿಗೆ ಚರ್ಮ ಕಪ್ಪಾಯಿತು ಅಂದರೆ ಒಳಗಿನ ಜೀವಕೋಶದ ಡಿಎನ್ಎಗೆ ಪೆಟ್ಟು ಬಿದ್ದಿದೆ, ಅದು ತಡೆ ಕಟ್ಟಿಕೊಳ್ಳುತ್ತಿದೆ ಅಂತ ಅರ್ಥ. ಅಮ್ಮನ ಕಾರಣ ತಪ್ಪು, ಸಲಹೆ ಸರಿ.

ಹಿಂದಿನ ರಾತ್ರಿ: ಡಿಗ್ರಿ ಬಿಡಿ, ಯುವಿ ನೋಡಿ

ದೋಣಿಗೆ ಹೋಗುವವರು ಗಾಳಿ, ಅಲೆ, ಭರತ ಇಳಿತದ ಹೊತ್ತು ಇಷ್ಟನ್ನೂ ತಪ್ಪದೆ ನೋಡುತ್ತಾರೆ. ಅದರ ಜೊತೆ ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ಜೋರಾಗಿದೆ ಅನ್ನುವ ಅಂಕಿ ಕೂಡ ನೋಡಿ. ಹವಾಮಾನದ ಆಪ್‌ಗಳಲ್ಲೆಲ್ಲ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಸನ್‌ಸ್ಮಾರ್ಟ್ ಆಪ್ ಎಷ್ಟರಿಂದ ಎಷ್ಟು ಗಂಟೆವರೆಗೆ ಮೈ ಮುಚ್ಚಿಕೊಳ್ಳಬೇಕು ಅನ್ನುವುದನ್ನೇ ನೇರವಾಗಿ ಹೇಳುತ್ತದೆ. 0ರಿಂದ 2 ಕಡಿಮೆ. 3ರಿಂದ 5 ಮಧ್ಯಮ. 6, 7 ಜಾಸ್ತಿ. 8ರಿಂದ 10 ತುಂಬಾ ಜಾಸ್ತಿ. 11 ಮುಟ್ಟಿದರೆ ವಿಪರೀತ. 3 ಆದ ಕೂಡಲೇ ರಕ್ಷಣೆ ಶುರು ಅನ್ನುವುದು ಇಲ್ಲಿನ ನಿಯಮ. ಬ್ರಿಸ್ಬೇನ್‌ನ ಬೇಸಿಗೆಯಲ್ಲಿ 12 ಸಾಮಾನ್ಯ. ಜೂನ್ ಚಳಿಗಾಲದಲ್ಲೂ ನಡುಮಧ್ಯಾಹ್ನ 3 ಮುಟ್ಟುತ್ತದೆ.

ಮೋಡ ಇದೆ ಅಂತ ನಂಬಬೇಡಿ. ತೆಳು ಮೋಡವನ್ನು ದಾಟಿ ಶೇ. 90ಕ್ಕಿಂತ ಹೆಚ್ಚು ಯುವಿ ಕೆಳಗೆ ಬರಬಹುದು. ನನ್ನ ಪಾದ ಸುಟ್ಟಿದ್ದು ಅಂಥದ್ದೇ ದಿನ.

ಫೋನ್‌ಗೆ ಸಿಗ್ನಲ್ ಇಲ್ಲದ ಕಡೆ ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಉದ್ದ ಇದ್ದರೆ ಸೂರ್ಯ ಕೆಳಗಿದ್ದಾನೆ, ಅಪಾಯ ಕಡಿಮೆ. ನಿಮಗಿಂತ ಗಿಡ್ಡ ಆಯಿತೋ, ಸೂರ್ಯ 45 ಡಿಗ್ರಿ ದಾಟಿದ ಅಂತ ಲೆಕ್ಕ. ಕರ್ನಾಟಕದಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರಿನ ಆಸುಪಾಸಿನಲ್ಲಿ ಏಪ್ರಿಲ್ 24ರ ಹೊತ್ತಿಗೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ ನೆರಳೇ ಇಲ್ಲದ ದಿನ ಬರುತ್ತದೆ. ಮಂಗಳೂರಿಗೂ ಹೆಚ್ಚುಕಡಿಮೆ ಅದೇ ದಿನಗಳು. ಆಗಸ್ಟ್‌ನಲ್ಲಿ ಮಳೆ ಮೋಡ ಕಾಪಾಡುತ್ತದೆ. ಏಪ್ರಿಲ್‌ನಲ್ಲಿ ಕಾಪಾಡುವವರಿಲ್ಲ.

ಇನ್ನೊಂದು ಸಂಗತಿ ಜನ ಗಮನಿಸುವುದಿಲ್ಲ. ಸೂರ್ಯ ನೆತ್ತಿಗೆ ಬರುವುದು ಎಲ್ಲ ಕಡೆ 12ಕ್ಕೆ ಅಲ್ಲ. ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಅದು 11:45ರ ಸುಮಾರು. ಸಿಡ್ನಿಯಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ 12:50 ಹತ್ತಿರ. ಮಂಗಳೂರು, ಕಾರವಾರದಲ್ಲಿ 12:30 ಆಚೀಚೆ. ಹಾಗಾಗಿ "11ರೊಳಗೆ ವಾಪಸ್ ಬಂದರೆ ಸಾಕು" ಅನ್ನುವ ಮಾತು ಕುಮಟಾದಲ್ಲೂ ಸಾಲದು, ಅದಕ್ಕಿಂತಲೂ ಬ್ರಿಸ್ಬೇನ್‌ನಲ್ಲಿ ತಡವಾಯಿತು. ನಾವು ಈಗ ಬೇಸಿಗೆಯಲ್ಲಿ ಬೆಳಿಗ್ಗೆ 5ಕ್ಕೆ ದೋಣಿ ಇಳಿಸಿ 9ಕ್ಕೆಲ್ಲ ಮರಳುತ್ತೇವೆ. ಮೀನಿಗೂ ಅದೇ ಹೊತ್ತು ಒಳ್ಳೆಯದು.

ಬಟ್ಟೆ ಮೊದಲು, ಕ್ರೀಮ್ ಆಮೇಲೆ

1981ರಲ್ಲಿ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಅಂತ ಒಂದು ಪ್ರಚಾರ ಶುರು ಮಾಡಿತು. ಸಿಡ್ ಅನ್ನುವ ಕಡಲ ಹಕ್ಕಿಯೊಂದು ಕುಣಿದು ಹೇಳುತ್ತಿತ್ತು: ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ. ನೆರಳು ಹುಡುಕಿ, ಕಪ್ಪು ಕನ್ನಡಕ ಹಾಕಿ ಅನ್ನುವ ಎರಡು ಮಾತು 2007ರಲ್ಲಿ ಸೇರಿದವು. ಅಂಗಿ ಮೊದಲು ಬಂದಿದ್ದನ್ನು ನೋಡಿ. ಅಂಗಿಯನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಲ್ಲ, ಅದು ಬೆವರಿಗೆ ತೊಳೆದು ಹೋಗುವುದಿಲ್ಲ, ಕಣ್ಣು ಉರಿಸುವುದಿಲ್ಲ. ದುಡ್ಡು ಖರ್ಚು ಮಾಡುವುದಾದರೆ ನಾನು ಮೊದಲು ಇದರ ಮೇಲೆ ಮಾಡುತ್ತೇನೆ.

ಬೇಕಾದ್ದು ಉದ್ದ ತೋಳಿನ, ಕಾಲರ್ ಇರುವ, ಸಡಿಲವಾದ ಅಂಗಿ. ಯುಪಿಎಫ್ 50 ಅಂತ ಬರೆದಿದ್ದರೆ ಐವತ್ತರಲ್ಲಿ ಒಂದು ಪಾಲು ಯುವಿ ಮಾತ್ರ ಒಳಗೆ ಬರುತ್ತದೆ. ಇಲ್ಲಿನ ಮೀನುಗಾರರು ತೊಡುವ ತೆಳು ಪಾಲಿಯೆಸ್ಟರ್ ಹುಡಿಗೆ ತಲೆ ಮುಸುಕೂ ಇರುತ್ತದೆ, ಹೆಬ್ಬೆರಳು ತೂರಿಸುವ ತೂತೂ ಇರುತ್ತದೆ. ಅಂಗೈ ಹಿಂಬದಿ ಮುಚ್ಚಲು ಅದಕ್ಕಿಂತ ಸುಲಭದ್ದಿಲ್ಲ. ಹಳೆಯ ಬಿಳಿ ಕಾಟನ್ ಬನಿಯನ್ ನಂಬಬೇಡಿ. ಒದ್ದೆಯಾದರೆ ಅದು ಇನ್ನಷ್ಟು ಯುವಿ ಬಿಡುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿ ಕಂಡರೆ ದೋಣಿಗೆ ಅದು ಸಾಲದು.

ಟೋಪಿಯ ಅಂಚು ಸುತ್ತಲೂ ಕನಿಷ್ಠ 7.5 ಸೆಂ.ಮೀ. ಇರಬೇಕು. ಕ್ರಿಕೆಟ್ ಕ್ಯಾಪ್ ಕಿವಿ, ಕತ್ತು ಎರಡನ್ನೂ ಬಿಟ್ಟುಬಿಡುತ್ತದೆ. ನಮ್ಮ ಕಡೆ ಅಡಿಕೆ ಹಾಳೆ ಟೋಪಿ ಇಟ್ಟುಕೊಂಡು ಕೆಲಸ ಮಾಡುವವರ ನೆತ್ತಿ ತಂಪಾಗಿರುತ್ತದೆ ನಿಜ, ಕಿವಿಗೆ ಅದರಿಂದ ಉಪಕಾರವಿಲ್ಲ. ಗಲ್ಲದ ಕೆಳಗೆ ಕಟ್ಟುವ ದಾರ ಇರಲೇಬೇಕು. ನನ್ನ ಎರಡು ಟೋಪಿ ಮೋರ್ಟನ್ ಕೊಲ್ಲಿಯ ತಳದಲ್ಲಿವೆ. ಅಂಚಿನ ಒಳಮೈ ಗಾಢ ಬಣ್ಣದ್ದಾದರೆ ನೀರಿನ ಹೊಳಪು ಕಣ್ಣಿಗೆ ಕಡಿಮೆ ಹೊಡೆಯುತ್ತದೆ.

ಕಯಾಕ್‌ನಲ್ಲಿ ಕೂರುವವರು ತೊಡೆ, ಮೊಣಕಾಲು, ಪಾದದ ಮೇಲ್ಭಾಗ ಮರೆಯಬೇಡಿ. ನಡೆಯುವಾಗ ಕಾಲಿಗೆ ಬಿಸಿಲು ಓರೆಯಾಗಿ ಬೀಳುತ್ತದೆ. ಕಾಲು ಚಾಚಿ ಕೂತಾಗ ನೇರವಾಗಿ ಬೀಳುತ್ತದೆ. ತೆಳು ಪ್ಯಾಂಟು, ನೀರಿಗೆ ಇಳಿಯುವ ಬೂಟು, ಮುಗೀತು. ಕತ್ತಿಗೆ ಬಟ್ಟೆಯ ಕೊಳವೆ ಸಿಗುತ್ತದೆ, ಮೂಗಿನವರೆಗೂ ಎಳೆದುಕೊಳ್ಳಬಹುದು. ಈ ಎಲ್ಲದರ ಮೇಲೆ ಲೈಫ್ ಜಾಕೆಟ್. ಸೆಕೆ ಅಂತ ಅದನ್ನು ಬಿಚ್ಚಿಟ್ಟು ಚರ್ಮ ಉಳಿಸಿಕೊಳ್ಳುವ ಲೆಕ್ಕ ಬೇಡ.

ಸನ್‌ಸ್ಕ್ರೀನ್: ಎಷ್ಟು, ಎಲ್ಲಿ, ಯಾವಾಗ

ಎಸ್‌ಪಿಎಫ್ ಅಂದರೆ ರಕ್ಷಣೆಯ ಅಂಕಿ. ಅದು 30 ಇದ್ದರೆ ಸುಡುವ ಕಿರಣದ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, 50 ಶೇ. 98ರಷ್ಟನ್ನು. ವ್ಯತ್ಯಾಸ ಅಷ್ಟೇ. ಆದರೆ ಈ ಅಂಕಿ ಪ್ರಯೋಗಾಲಯದಲ್ಲಿ ದಪ್ಪಗೆ ಬಳಿದಾಗ ಬಂದದ್ದು. ನಾವು ಮುಖಕ್ಕೆ ಸ್ನೋ ಹಚ್ಚಿದ ಹಾಗೆ ಬೆರಳ ತುದಿಯಲ್ಲಿ ಹಚ್ಚುತ್ತೇವೆ. ಅಂಥ ಪದರಕ್ಕೆ ಬಾಟಲಿ ಮೇಲಿನ ಅಂಕಿ ಸಲ್ಲುವುದಿಲ್ಲ.

ಸರಿಯಾದ ಅಳತೆ ಹೀಗೆ: ಮುಖ, ಕತ್ತು, ಕಿವಿ ಸೇರಿ ಒಂದು ಟೀ ಚಮಚ. ಒಂದೊಂದು ಕೈಗೆ ಒಂದು. ಒಂದೊಂದು ಕಾಲಿಗೆ ಒಂದು. ಎದೆ ಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಒಟ್ಟು ಏಳು ಚಮಚ, ಅಂದರೆ 35 ಮಿ.ಲೀ. ಒಂದು ಸಲ ಅಡುಗೆಮನೆಯಲ್ಲಿ ಚಮಚ ಹಿಡಿದು ಅಳೆದು ನೋಡಿ, ದಂಗಾಗುತ್ತೀರಿ. ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿದರೆ ಎರಡು ಚಮಚಕ್ಕೆ ಇಳಿಯುತ್ತದೆ. ಮೊದಲು ಬಟ್ಟೆಗೆ ದುಡ್ಡು ಹಾಕುತ್ತೇನೆ ಅಂದಿದ್ದು ಅದಕ್ಕೇ.

ಕೊಳ್ಳುವಾಗ ಎಸ್‌ಪಿಎಫ್ ಒಂದನ್ನೇ ನೋಡಬೇಡಿ. ಅದು ಮುಖ್ಯವಾಗಿ ಚರ್ಮದ ಮೇಲ್ಪದರ ಸುಡುವ ಯುವಿಬಿಯ ಲೆಕ್ಕ. ಆಳಕ್ಕೆ ಇಳಿಯುವ ಯುವಿಎ ತಡೆಯಲು ಆಸ್ಟ್ರೇಲಿಯಾದಲ್ಲಿ ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತು ಹುಡುಕಿ. ಭಾರತದ ಅಂಗಡಿಗಳಲ್ಲಿ ಪಿಎ ಅಂತ ಬರೆದು ಅದರ ಮುಂದೆ ಕೂಡಿಸುವ ಚಿಹ್ನೆ ಹಾಕಿರುತ್ತಾರೆ. ಮೂರು ನಾಲ್ಕು ಚಿಹ್ನೆ ಇದ್ದರೆ ಒಳ್ಳೆಯದು. ನೀರಿಗೆ ನಿಲ್ಲುವಂಥದ್ದು ಆಗಿರಲಿ. ಬಂಗು ಇರುವವರಿಗೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಅಷ್ಟಿಷ್ಟು ತಡೆಯುತ್ತದೆ, ಮುಖ ಬೂದಿ ಬಳಿದಂತೆ ಕಾಣುವುದೂ ತಪ್ಪುತ್ತದೆ.

ಮನೆಯಲ್ಲೇ, ಹೊರಡುವ 20 ನಿಮಿಷ ಮೊದಲು ಹಚ್ಚಿ. ದೋಣಿ ಇಳಿಸುವ ಜಾಗಕ್ಕೆ ಬಂದ ಮೇಲೆ ಹಗ್ಗ, ಟ್ರೇಲರ್, ಮಕ್ಕಳ ಗಲಾಟೆಯಲ್ಲಿ ನೆನಪಾಗುವುದಿಲ್ಲ. ಆಮೇಲೆ ಎರಡು ಗಂಟೆಗೊಮ್ಮೆ. ನೀರಿಗೆ ಧುಮುಕಿ ಮೈ ಒರೆಸಿಕೊಂಡರೆ ಕೂಡಲೇ. ಲೈಫ್ ಜಾಕೆಟ್ಟಿನ ಪಟ್ಟಿ ಉಜ್ಜುವ ಹೆಗಲು, ಕತ್ತಿನ ಬುಡದಲ್ಲಿ ಮೊದಲೇ ಅಳಿಸಿ ಹೋಗಿರುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುವುದೇ ಸರಿ. "ನೆನಪಾದಾಗ ಹಚ್ಚೋಣ" ಅಂದರೆ ನೆನಪಾಗುವುದು ಉರಿ ಶುರುವಾದ ಮೇಲೆ.

ಮರೆತುಹೋಗುವ ಜಾಗಗಳು: ಕಿವಿಯ ತುದಿ, ಮೂಗಿನ ಹೊಳ್ಳೆಯ ಅಂಚು, ಗಲ್ಲದ ಅಡಿ, ಕೂದಲ ಬೈತಲೆ, ಮೊಣಕಾಲ ಹಿಂಬದಿ, ಪಾದದ ಮೇಲ್ಭಾಗ. ತುಟಿಗೆ ಎಸ್‌ಪಿಎಫ್ ಇರುವ ಬಾಮ್ ಬೇರೆಯೇ ಬೇಕು. ಕೆಳತುಟಿ ಆಕಾಶಕ್ಕೆ ಮುಖ ಮಾಡಿಯೇ ಇರುತ್ತದೆ.

ದೋಣಿಯವರಿಗೆ ಮಾತ್ರ ಗೊತ್ತಾಗುವ ಕೆಲವು ತಾಪತ್ರಯ ಇವೆ. ಸ್ಪ್ರೇ ಡಬ್ಬಿ ತರಬೇಡಿ. ಗಾಳಿಗೆ ಅರ್ಧ ಪಕ್ಕದ ದೋಣಿಗೆ ಹೋಗುತ್ತದೆ, ಒಲೆ ಇದ್ದರೆ ಬೆಂಕಿಯ ಭಯ ಬೇರೆ. ಅಂಗೈಗೆ ಜಿಡ್ಡು ಉಳಿದರೆ ಲಂಗರಿನ ಹಗ್ಗ ಜಾರುತ್ತದೆ, ನೆಲಕ್ಕೆ ಚೆಲ್ಲಿದರೆ ಕಾಲು ಜಾರುತ್ತದೆ. ಹಚ್ಚಿದ ಮೇಲೆ ಅಂಗೈ ಒರೆಸಿಕೊಳ್ಳಿ. ಹಣೆಗೆ ಹಚ್ಚಿದ್ದು ಬೆವರಿಗೆ ಕಣ್ಣಿಗಿಳಿದು ಉರಿಸುತ್ತದೆ. ಅಲ್ಲಿಗೆ ಕಡ್ಡಿಯಂತಿರುವ ಗಟ್ಟಿ ಸನ್‌ಸ್ಕ್ರೀನ್ ಒಳ್ಳೆಯದು. ನಮ್ಮ ಜೊತೆ ಬರುವ ಹಾಸನದ ಗೆಳೆಯ ಸನ್‌ಸ್ಕ್ರೀನ್ ವಾಸನೆಗೆ ಮೀನು ಬರುವುದಿಲ್ಲ ಅಂತ ವಾದ ಮಾಡುತ್ತಾನೆ. ಮೀನನ್ನು ಕೇಳಿದವರಿಲ್ಲ. ಎರೆ ಮುಟ್ಟುವ ಮೊದಲು ಕೈ ತೊಳೆದರೆ ಅವನ ವಾದವೂ ಮುಗಿಯುತ್ತದೆ, ನಮ್ಮ ಕೆಲಸವೂ ಆಗುತ್ತದೆ. ಬಾಟಲಿಯನ್ನು ಬಿಸಿಲಲ್ಲಿ ಬಿಡಬೇಡಿ. 30 ಡಿಗ್ರಿ ಒಳಗೆ ಇಡಿ ಅಂತ ಅದರ ಮೇಲೆಯೇ ಬರೆದಿರುತ್ತದೆ. ಐಸ್ ಪೆಟ್ಟಿಗೆಯಲ್ಲಿ ನೀರಿನ ಬಾಟಲಿ ಪಕ್ಕ ಇಡಿ, ಮೀನಿನ ಪಕ್ಕ ಬೇಡ.

ಇಷ್ಟೆಲ್ಲ ಹಚ್ಚಿದರೆ ನಿಜಕ್ಕೂ ಕ್ಯಾನ್ಸರ್ ಕಡಿಮೆಯಾಗುತ್ತದಾ? ಬ್ರಿಸ್ಬೇನ್‌ನಿಂದ ಉತ್ತರಕ್ಕಿರುವ ನ್ಯಾಂಬೋರ್ ಊರಿನಲ್ಲಿ 1992ರಲ್ಲಿ 1,621 ಜನರನ್ನು ಸೇರಿಸಿ ಒಂದು ಅಧ್ಯಯನ ಶುರುವಾಯಿತು. ಅರ್ಧ ಜನಕ್ಕೆ ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರು ತಮ್ಮಿಷ್ಟದಂತೆ ಇದ್ದರು. ದಿನವೂ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಎಂಬ ಬಗೆಯ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ವರ್ಷಗಳ ನಂತರ ಲೆಕ್ಕ ಹಾಕಿದಾಗ ಮೆಲನೋಮ ಎಂಬ ಹೆಚ್ಚು ಅಪಾಯದ ಬಗೆ ಅರ್ಧಕ್ಕೆ ಇಳಿದಿತ್ತು. ಬೇಸಲ್ ಸೆಲ್ ಬಗೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅವರು ಹೆಚ್ಚಾಗಿ ಬಿಳಿ ಚರ್ಮದವರು, ನೆನಪಿರಲಿ. ಇನ್ನೊಂದು ಕಡೆ, 2025ರಲ್ಲಿ ಚಾಯ್ಸ್ ಎಂಬ ಗ್ರಾಹಕ ಸಂಸ್ಥೆ ಇಲ್ಲಿನ 20 ಸನ್‌ಸ್ಕ್ರೀನ್ ಪರೀಕ್ಷೆ ಮಾಡಿಸಿದಾಗ 16 ತಮ್ಮ ಮೇಲೆ ಬರೆದ ಅಂಕಿ ಮುಟ್ಟಲಿಲ್ಲ. ಹಾಗಂತ ಬಿಟ್ಟುಬಿಡುವುದಲ್ಲ. ಅದೊಂದನ್ನೇ ನಂಬಿ ಬರಿಮೈಯಲ್ಲಿ ಕೂರಬೇಡಿ.

ದೋಣಿಯ ನೆರಳು ಅರ್ಧ ನೆರಳು

ನೀರು ಕನ್ನಡಿಯಂತೆ ಯುವಿಯನ್ನು ವಾಪಸ್ ಎಸೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟೇನೂ ಇಲ್ಲ. ನೀರಿನಿಂದ ಶೇ. 10ರೊಳಗೆ, ಒಣ ಮರಳಿನಿಂದ ಶೇ. 15, ಸಮುದ್ರದ ನೊರೆಯಿಂದ ಶೇ. 25 ಸುಮಾರು. ನಿಜವಾದ ಕಳ್ಳ ಆಕಾಶ. ಯುವಿ ಗಾಳಿಯಲ್ಲಿ ಚದುರಿ ಆಕಾಶದ ಎಲ್ಲ ದಿಕ್ಕಿನಿಂದ ಬೀಳುತ್ತದೆ. ಊರಲ್ಲಿ ಮರ, ಗೋಡೆ, ಮಾಡು ಆಕಾಶದ ದೊಡ್ಡ ಪಾಲನ್ನು ಮುಚ್ಚಿರುತ್ತವೆ. ಕೊಲ್ಲಿಯ ನಡುವೆ ಬೋಗುಣಿ ಕವುಚಿದಂತೆ ಇಡೀ ಆಕಾಶ ನಿಮ್ಮ ಮೇಲೆ. ಅದಕ್ಕೇ ತಲೆ ಮೇಲೆ ಬಟ್ಟೆಯ ಚಪ್ಪರ ಇದ್ದರೂ ಬದಿಯಿಂದ ಸುಡುತ್ತದೆ. ಈ ಚಪ್ಪರಕ್ಕೆ ಇಲ್ಲಿ ಬಿಮಿನಿ ಅನ್ನುತ್ತಾರೆ. ಹಾಕಿಸಿಕೊಳ್ಳಿ, ಆದರೆ ಅದರ ಅಡಿ ಕೂತವರೂ ತೋಳು ಮುಚ್ಚಿರಲಿ.

ಲಂಗರು ಹಾಕಿದ ಮೇಲೆ ದೋಣಿಯ ಮೂತಿ ಗಾಳಿಗೋ ನೀರಿನ ಸೆಳೆತಕ್ಕೋ ತಿರುಗಿ ನಿಲ್ಲುತ್ತದೆ. ಸೂರ್ಯನಿಗೆ ಅದರ ಗೊಡವೆ ಇಲ್ಲ. 9 ಗಂಟೆಗೆ ನೆರಳಿದ್ದ ಜಾಗದಲ್ಲಿ 11ಕ್ಕೆ ನಿಮ್ಮ ಬಲಗೈ ಪೂರ್ತಿ ಬಿಸಿಲಲ್ಲಿ ಇರುತ್ತದೆ, ಮಾತಿನಲ್ಲಿ ಮುಳುಗಿದವರಿಗೆ ತಿಳಿಯುವುದೇ ಇಲ್ಲ. ಗಂಟೆಗೊಮ್ಮೆ ಜಾಗ ಬದಲಿಸಿ. ನಾನು ಬದಿಗೆ ಕಟ್ಟಲು ಊರಿಂದ ತಂದ ಒಂದು ಪಂಚೆ ಇಟ್ಟುಕೊಂಡಿದ್ದೇನೆ. ಎರಡು ಮಡಿಕೆ ಮಾಡಿ ಕ್ಲಿಪ್ ಹಾಕಿದರೆ ಚೆನ್ನಾಗಿ ನಿಲ್ಲುತ್ತದೆ. ಎಂಜಿನ್ ಶುರು ಮಾಡುವ ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಅದೇ ಹಾಯಿ ಆಗಿಬಿಡುತ್ತದೆ.

ನೀರಿಗೆ ಇಳಿದರೆ ಬಚಾವ್ ಅಂದುಕೊಳ್ಳಬೇಡಿ. ಅರ್ಧ ಮೀಟರ್ ಆಳದಲ್ಲೂ ಮೇಲಿನ ಯುವಿಯ ಶೇ. 40ರಷ್ಟು ಇರುತ್ತದೆ. ಟ್ಯಾಂಗಲೂಮಾ ಹತ್ತಿರ ಮುಳುಗಿಸಿಟ್ಟ ಹಳೆಯ ಹಡಗುಗಳ ಮೀನು ನೋಡುತ್ತ ಮುಖ ಕೆಳಗೆ ಮಾಡಿ ತೇಲುವವರ ಬೆನ್ನು, ತೊಡೆಯ ಹಿಂಬದಿ ಸುಟ್ಟಿದ್ದನ್ನು ಪ್ರತಿ ರಜೆಯಲ್ಲೂ ನೋಡುತ್ತೇನೆ.

ಕಣ್ಣು, ಮಕ್ಕಳು, ಮತ್ತು ನಿಂಬೆಹಣ್ಣು

ಕನ್ನಡಕಕ್ಕೆ ಪೋಲರೈಸ್ಡ್ ಗಾಜಿದ್ದರೆ ನೀರಿನ ಹೊಳಪು ಹೋಗಿ ಅಡಿಯ ಮರಳು ದಿಬ್ಬ ಕಾಣುತ್ತದೆ. ಆದರೆ ಪೋಲರೈಸ್ಡ್ ಬೇರೆ, ಯುವಿ ತಡೆ ಬೇರೆ. ಎರಡೂ ಬರೆದಿದೆಯಾ ನೋಡಿ. ಆಸ್ಟ್ರೇಲಿಯಾದ ಚೀಟಿಯಲ್ಲಿ 3ನೇ ವರ್ಗ ದೋಣಿಗೆ ಸರಿ. 4ನೇ ವರ್ಗದ್ದು ತೀರಾ ಕಪ್ಪು, ಅದನ್ನು ಹಾಕಿಕೊಂಡು ಮನೆಗೆ ಕಾರು ಓಡಿಸುವ ಹಾಗಿಲ್ಲ.

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬಳಿಯುವುದಲ್ಲ, ಬಿಸಿಲಿಗೆ ತರದೇ ಇರುವುದು. ಒಂದು ವರ್ಷದ ಮಗುವನ್ನು ತೆರೆದ ದೋಣಿಯಲ್ಲಿ ಕೂರಿಸಿಕೊಂಡು ಹೋಗುವ ಉತ್ಸಾಹ ನನಗಂತೂ ಅರ್ಥವಾಗಿಲ್ಲ.

ಇನ್ನು ನಿಂಬೆ. ದೋಣಿಯಲ್ಲಿ ಪಾನಕ, ಚುರುಮುರಿ, ಹುರಿದ ಮೀನು, ಎಲ್ಲಕ್ಕೂ ನಿಂಬೆ ಹಿಂಡುವುದು ನಮ್ಮ ಜನ್ಮಸಿದ್ಧ ಹಕ್ಕು. ನಿಂಬೆಯ ಸಿಪ್ಪೆ, ರಸದಲ್ಲಿರುವ ಒಂದು ರಾಸಾಯನಿಕ ಚರ್ಮದ ಮೇಲಿದ್ದಾಗ ಯುವಿಎ ಬಿದ್ದರೆ ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ, ಆಮೇಲೆ ರಸ ಹರಿದ ದಾರಿಯಲ್ಲೇ ಕಪ್ಪು ಗೆರೆ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯಲ್ಲೇ ಹಿಂಡಿಕೊಂಡು ಬನ್ನಿ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ.

ಸುಟ್ಟೇ ಬಿಟ್ಟರೆ

ಮೊದಲು ಬಿಸಿಲಿನಿಂದ ಹೊರಗೆ ಬನ್ನಿ. ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ಐಸ್ ನೇರವಾಗಿ ಇಡಬೇಡಿ. ನೀರು, ಮಜ್ಜಿಗೆ ಕುಡಿಯಿರಿ. ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಟೂತ್‌ಪೇಸ್ಟ್ ಬಳಿಯುವ ಚಾಳಿ ಬಿಡಿ. ಬೊಬ್ಬೆ ಒಡೆಯಬೇಡಿ. ದೊಡ್ಡ ಜಾಗದಲ್ಲಿ ಬೊಬ್ಬೆ ಎದ್ದರೆ, ಜ್ವರ, ವಾಂತಿ, ತಲೆಸುತ್ತು ಬಂದರೆ ಡಾಕ್ಟರ ಹತ್ತಿರ ಹೋಗಿ. ಚರ್ಮ ಪೂರ್ತಿ ವಾಸಿಯಾಗುವವರೆಗೆ ಆ ಜಾಗ ಮತ್ತೆ ಬಿಸಿಲು ನೋಡಬಾರದು.

ತಿಂಗಳಿಗೊಮ್ಮೆ ಮೈ ನೋಡಿಕೊಳ್ಳುವುದು

ನಮ್ಮವರು ಎಡವುವುದು ಇಲ್ಲೇ. ಚರ್ಮದ ಕ್ಯಾನ್ಸರ್ ನಮಗೆ ಬರುವುದೇ ಇಲ್ಲ ಅನ್ನುವ ನಂಬಿಕೆ ನಮಗೂ ಇರುತ್ತದೆ, ಕೆಲವು ಡಾಕ್ಟರಿಗೂ ಇರುತ್ತದೆ. ಹಾಗಾಗಿ ಅಪರೂಪಕ್ಕೆ ಬಂದಾಗ ತಡವಾಗಿ ಸಿಗುತ್ತದೆ.

ಕಂದು, ಕಪ್ಪು ಚರ್ಮದಲ್ಲಿ ಮೆಲನೋಮ ಬರುವ ಮುಖ್ಯ ಜಾಗ ಬಿಸಿಲು ಬೀಳುವ ಹೆಗಲಲ್ಲ. ಅಂಗಾಲು, ಅಂಗೈ, ಉಗುರಿನ ಅಡಿ. ಗಾಯಕ ಬಾಬ್ ಮಾರ್ಲೆ 1981ರಲ್ಲಿ ತೀರಿಕೊಂಡಿದ್ದು ಕಾಲಿನ ಹೆಬ್ಬೆರಳ ಉಗುರಿನಡಿ ಶುರುವಾದ ಮೆಲನೋಮದಿಂದ. ಆಗ ಆತನಿಗೆ 36 ವರ್ಷ. ಈ ಬಗೆಗೆ ಬಿಸಿಲು ಕಾರಣವಲ್ಲ, ಸನ್‌ಸ್ಕ್ರೀನ್ ಇದನ್ನು ತಡೆಯುವುದೂ ಇಲ್ಲ. ಕಣ್ಣಿಟ್ಟು ನೋಡುವುದೊಂದೇ ದಾರಿ. ಬಿಸಿಲಿನ ಲೇಖನದಲ್ಲಿ ಇದನ್ನು ಯಾಕೆ ಬರೆದೆ ಅಂದರೆ, ಬಿಳಿ ಚರ್ಮದವರಿಗಾಗಿ ಮಾಡಿದ ಚಿತ್ರಪಟ ನೋಡಿಕೊಂಡು ಬೆನ್ನು, ಭುಜ ಮಾತ್ರ ಪರೀಕ್ಷೆ ಮಾಡಿಕೊಂಡು ನಮ್ಮವರು ನಿಶ್ಚಿಂತೆಯಿಂದ ಇರಬಾರದು.

ದೋಣಿ ತೊಳೆದು ಬಂದು ಉಪ್ಪು ಹೋಗುವಂತೆ ಸ್ನಾನ ಮಾಡುತ್ತೀರಲ್ಲ, ತಿಂಗಳಿಗೊಮ್ಮೆ ಆ ಹೊತ್ತಿಗೇ ಈ ಕೆಲಸ ಮಾಡಿ. ಬೆಳಕು ಚೆನ್ನಾಗಿರಲಿ. ಅಂಗಾಲು, ಬೆರಳ ಸಂದಿ, ಉಗುರು, ಅಂಗೈ. ಆಮೇಲೆ ಕಿವಿಯ ಹಿಂಭಾಗ, ನೆತ್ತಿ, ತುಟಿ. ಬೆನ್ನಿಗೆ ಮನೆಯವರ ಕಣ್ಣು ಬೇಕು, ಇಲ್ಲವೇ ಫೋನಿನಲ್ಲಿ ಒಂದು ಫೋಟೋ. ಅನುಮಾನ ಬಂದ ಮಚ್ಚೆಯ ಪಕ್ಕ ನಾಣ್ಯ ಇಟ್ಟು ಫೋಟೋ ತೆಗೆದರೆ ಮುಂದಿನ ತಿಂಗಳು ಬೆಳೆದಿದೆಯಾ ಗೊತ್ತಾಗುತ್ತದೆ.

ಮಚ್ಚೆಯಲ್ಲಿ ಏನು ನೋಡಬೇಕು? ಎರಡು ಅರ್ಧ ಒಂದೇ ತರ ಇಲ್ಲದಿರುವುದು, ಅಂಚು ಹರಿದಂತೆ ಇರುವುದು, ಎರಡು ಮೂರು ಬಣ್ಣ ಬೆರೆತಿರುವುದು, 6 ಮಿ.ಮೀ.ಗಿಂತ ದೊಡ್ಡದಾಗಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿರುವುದು. ನಿಮ್ಮ ಉಳಿದ ಮಚ್ಚೆಗಳ ನಡುವೆ ಬೇರೆ ಮನೆಯದರಂತೆ ಕಾಣುವ ಒಂದು ಇದ್ದರೆ ಅದನ್ನೇ ತೋರಿಸಿ. ಉಗುರಿನಲ್ಲಿ ಉದ್ದಕ್ಕೆ ಕಂದು ಗೆರೆ ನಮ್ಮ ಬಣ್ಣದವರಲ್ಲಿ ಸಾಮಾನ್ಯ, ಹಲವು ಉಗುರಲ್ಲಿದ್ದರೆ ಹೆಚ್ಚಾಗಿ ಭಯವಿಲ್ಲ. ಒಂದೇ ಉಗುರಲ್ಲಿ ಹೊಸದಾಗಿ ಬಂದ ಗೆರೆ, ಅಗಲವಾಗುತ್ತಿರುವ ಗೆರೆ, ಉಗುರ ಬುಡದ ಚರ್ಮಕ್ಕೂ ಹರಡಿದ ಕಪ್ಪು ಇದ್ದರೆ ಕಾಯಬೇಡಿ.

ಬೇಸಲ್ ಸೆಲ್ ಬಗೆ ಬಿಳಿಯರಲ್ಲಿ ಮುತ್ತಿನಂತೆ ಹೊಳೆಯುವ ಗುಲಾಬಿ ಗಂಟು. ನಮ್ಮಲ್ಲಿ ಹೊಳೆಯುವ ಕಪ್ಪು ಗಂಟಾಗಿ, ಥೇಟ್ ಮಚ್ಚೆಯಂತೆ ಕಾಣುತ್ತದೆ. ಮೂಗಿನ ಪಕ್ಕವೋ ಕೆನ್ನೆಯ ಮೇಲೋ ನಡುವಯಸ್ಸಿನಲ್ಲಿ ಹೊಸ "ಮಚ್ಚೆ" ಹುಟ್ಟಿ ಆಗಾಗ ರಕ್ತ ಬಂದರೆ ಅದನ್ನು ಅದೃಷ್ಟದ ಮಚ್ಚೆ ಅಂತ ಬಿಡಬೇಡಿ. ಸ್ಕ್ವೇಮಸ್ ಸೆಲ್ ಬಗೆ ಒರಟು ಹಕ್ಕಳೆಯಾಗಿ, ವಾಸಿಯಾಗದ ಹುಣ್ಣಾಗಿ ಬರುತ್ತದೆ. ನಮ್ಮಲ್ಲಿ ಹಳೆಯ ಸುಟ್ಟ ಗಾಯದ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಗಾಯದ ಮೇಲೆ, ಸೀರೆ ಲಂಗದ ಲಾಡಿ ಬಿಗಿದು ಉಜ್ಜುವ ಸೊಂಟದ ಗೆರೆಯಲ್ಲೂ ಬಂದ ಉದಾಹರಣೆಗಳು ವೈದ್ಯಕೀಯ ಬರಹದಲ್ಲಿವೆ. ನಾಲ್ಕು ವಾರಕ್ಕೂ ಮಾಯದ ಯಾವ ಹುಣ್ಣನ್ನೂ ತೋರಿಸಿಕೊಳ್ಳಬೇಕು.

ತೋರಿಸುವುದು ಎಲ್ಲಿ? ಆಸ್ಟ್ರೇಲಿಯಾದಲ್ಲಿ ಮೊದಲು ನಿಮ್ಮ ಜಿಪಿ, ಅಂದರೆ ಮಾಮೂಲಿ ಡಾಕ್ಟರು. ಡರ್ಮಟೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡುತ್ತಾರೆ, ಅನುಮಾನ ಇದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕರ್ನಾಟಕದಲ್ಲಾದರೆ ಜಿಲ್ಲಾಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಚರ್ಮರೋಗ ತಜ್ಞರು, ಕ್ಯಾನ್ಸರ್ ಅಂತ ಗೊತ್ತಾದರೆ ಬೆಂಗಳೂರಿನ ಕಿದ್ವಾಯಿಯಂಥ ಕಡೆ. ಬೇಗ ಸಿಕ್ಕರೆ ಬಹುಪಾಲು ಸಣ್ಣ ಆಪರೇಶನ್‌ನಲ್ಲೇ ಮುಗಿಯುತ್ತದೆ.

ನನ್ನ ಮೊದಲ ಪರೀಕ್ಷೆಯಲ್ಲಿ ಡಾಕ್ಟರ್ ಬೆನ್ನು, ತೋಳು ನೋಡಿ "ಎಲ್ಲಾ ಚೆನ್ನಾಗಿದೆ" ಅಂತ ಎದ್ದುಬಿಟ್ಟರು. ಬೂಟು ಬಿಚ್ಚಿ ಅಂತ ಹೇಳಲೇ ಇಲ್ಲ. ಈಗ ನಾನೇ ಚಪ್ಪಲಿ ಹಾಕಿಕೊಂಡು ಹೋಗುತ್ತೇನೆ, ಕೂತ ತಕ್ಷಣ ಕಳಚಿ ಅಂಗಾಲು ಮುಂದೆ ಚಾಚುತ್ತೇನೆ. ಹೆಂಡತಿಗೂ ಒಂದೇ ಮಾತು ಹೇಳಿದ್ದೇನೆ: ಹಿಂದಿನ ದಿನವೇ ನೇಲ್ ಪಾಲಿಶ್ ತೆಗೆದುಬಿಡು.